ಹಾಲು ಒಗ್ಗದ ಅತ್ತೆ

ಹುಣಸೂರು ತಾಲ್ಲೂಕಿನಲ್ಲಿ ಹಾಲಿಗೆ ಹೆದರುವ ಹೆಂಗಸು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ ಒಬ್ಬಳೇ ಎಂದು ನಮ್ಮ ನೆಂಟರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು. ಆನೆ ಬಂತು ಅಂದರೆ ತಮಟೆ ಹುಡುಕುತ್ತಿದ್ದಳು, ಚಿರತೆ ಬಂತು ಅಂದರೆ ದೊಣ್ಣೆ ಹುಡುಕುತ್ತಿದ್ದಳು. ಕಾಡಂಚಿನ ವೀರನಹೊಸಹಳ್ಳಿ ದಾರಿಯಲ್ಲಿರುವ ನಮ್ಮೂರಿಗೆ ಎರಡೂ ಹೊಸದಲ್ಲ. ಆದರೆ ಒಂದು ಲೋಟ ಹಾಲು ತಂದು ಮುಂದಿಟ್ಟರೆ ಸಾಕು, ಹಿತ್ತಲ ಬಾಗಿಲು ಎಲ್ಲಿದೆ ಅಂತ ನೋಡುತ್ತಿದ್ದಳು!

ಹಾಗಂತ ಹಸುವಿನ ಮೇಲೆ ದ್ವೇಷವೇ? ನಮ್ಮ ಮನೆಯ ಎರಡು ಹಸುಗಳ ಹಾಲು ಕರೆಯುತ್ತಿದ್ದವಳೇ ಅವಳು. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುವ ಹಸುಗಳು ಅವಳ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದವು. ಬೆಳಿಗ್ಗೆ ಸಂಜೆ ಕ್ಯಾನು ಹೊತ್ತು ಡೈರಿಗೆ ಹೋಗುವವಳೂ ಅವಳೇ. ಯಾರು ಹಾಲಿಗೆ ನೀರು ಬೆರೆಸಿದ್ದಾರೆ ಎಂಬುದನ್ನು ಡೈರಿಯವನಿಗಿಂತ ಮೊದಲೇ ಹೇಳಿ ಊರಿನ ಅರ್ಧ ಜನರ ಹಗೆ ಕಟ್ಟಿಕೊಂಡಿದ್ದಳು. ಊರಿಗೆಲ್ಲ ಹಾಲೆರೆದು ತಾನು ಮಾತ್ರ ಕುಡಿಯುತ್ತಿದ್ದದ್ದು ಕರೀ ಕಾಫಿ: ನೀರು, ಕಾಫಿಪುಡಿ, ಬೆಲ್ಲ, ಅಷ್ಟೇ.

ಮನೆಯಲ್ಲಿ ಕುಡಿದುಕೊಂಡರೆ ಯಾರ ತಕರಾರೂ ಇರಲಿಲ್ಲ. ನೆಂಟರ ಮನೆಗೆ ಹೋದಾಗಲೂ "ನಂಗೆ ಕರೀದೇ ಕೊಡವ್ವ" ಅನ್ನುತ್ತಿದ್ದಳಲ್ಲ, ಅದು ದೊಡ್ಡ ಅಪರಾಧ! ಬಂದವರಿಗೆ ಕರೀ ಕಾಫಿ ಕೊಟ್ಟರೆ ಮನೆಯವರ ಮಾನ ಹೋಗುತ್ತದಂತೆ. ಅವರ ಮಾನ ಉಳಿಸಲು ಇವಳು ಹೊಟ್ಟೆ ಕೆಡಿಸಿಕೊಳ್ಳಬೇಕಂತೆ. ಎಂಥ ನ್ಯಾಯ ನೋಡಿ!

ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಹುಣಸೂರಿನಲ್ಲಿ ನಮ್ಮ ನೆಂಟರೊಬ್ಬರು ತಾರಸಿ ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಹಾಲು ಉಕ್ಕಿಸಿ, ಬಂದವರಿಗೆಲ್ಲ ಒಂದೊಂದು ಸಣ್ಣ ಲೋಟದಲ್ಲಿ ಕೊಟ್ಟರು. ಅತ್ತೆ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಅತ್ತಿತ್ತ ನೋಡಿ, ಬಾಗಿಲ ಪಕ್ಕದ ಕ್ರೋಟನ್ ಗಿಡದ ಕುಂಡಕ್ಕೆ ಸುರಿದಳು. ಮನೆಯೊಡತಿಯ ಕಣ್ಣಿಗೆ ಬಿತ್ತು. ಆ ಮಳೆಗಾಲದಲ್ಲಿ ಗೋಡೆ ಬಿರುಕು ಬಿಟ್ಟಾಗ, ಗೃಹಪ್ರವೇಶದ ಹಾಲು ಚೆಲ್ಲಿದವಳಿಂದಲೇ ಹೀಗಾಯಿತು ಎಂದು ಆಕೆ ಪಿರಿಯಾಪಟ್ಟಣದವರೆಗೂ ಸುದ್ದಿ ಮುಟ್ಟಿಸಿದಳು. ಸಿಮೆಂಟು ಉಳಿಸಿ ಮರಳು ತುಂಬಿದ ಮೇಸ್ತ್ರಿಗೆ ಅದೇ ಬೀದಿಯಲ್ಲಿ ಇನ್ನೊಂದು ಮನೆ ಕಟ್ಟುವ ಕೆಲಸ ಸಿಕ್ಕಿತು. ಅತ್ತೆಗೆ ಮಾತ್ರ ಆ ಬೀದಿಯಿಂದ ಇನ್ನೊಂದು ಗೃಹಪ್ರವೇಶದ ಕರೆ ಬರಲಿಲ್ಲ. ಕ್ರೋಟನ್ ಗಿಡ ಸೊಂಪಾಗಿ ಬೆಳೆದಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಅತ್ತೆಯ ಮೇಲಿದ್ದ ದೊಡ್ಡ ಆರೋಪ ಇದಲ್ಲ. ಅವಳು ಮುದ್ದೆಯ ಜೊತೆ ಹುಳಿ ಮಜ್ಜಿಗೆ ಚೊಂಬುಗಟ್ಟಲೆ ಕುಡಿಯುತ್ತಿದ್ದಳು. ಬಿಸಿ ಅನ್ನಕ್ಕೆ ತುಪ್ಪ ಹಾಕಿದರೆ ಬೇಡ ಅನ್ನುತ್ತಿರಲಿಲ್ಲ. ಹಾಲು ಮಾತ್ರ ಆಗದು! ಸುಳ್ಳಿಗೆ ಇದಕ್ಕಿಂತ ಸಾಕ್ಷಿ ಬೇಕೇ? ನಮ್ಮಪ್ಪ ಅವಳ ತಮ್ಮ. ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ.

"ಅದೇ ಅಸ, ಅದೇ ಕೆಚ್ಚಲು. ಮಜ್ಜಿಗೆ ಆಯ್ತದೆ, ಆಲು ಆಗಾಕಿಲ್ವಾ ಅಕ್ಕಯ್ಯ?"

"ಅದ್ನ ನನ್ ಒಟ್ಟೆ ಕೇಳು ಕಣಪ್ಪ. ನಂಗೇನ್ ಗೊತ್ತು?"

ಹೊಟ್ಟೆಯನ್ನು ಕೇಳಲು ಹೊರಟವನು ಅವಳ ಇನ್ನೊಬ್ಬ ತಮ್ಮ, ಕೆ.ಆರ್. ನಗರದ ನಮ್ಮ ಚಿಕ್ಕಪ್ಪ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಪ್ರಯೋಗ ಮಾಡದೆ ಏನನ್ನೂ ನಂಬದವನು. ಹಬ್ಬದ ದಿನ ಅತ್ತೆ ತನಗೆ ಅಂತ ತೆಂಗಿನಕಾಯಿ ಹಾಲಿನಲ್ಲಿ ಶ್ಯಾವಿಗೆ ಪಾಯಸ ಮಾಡಿಟ್ಟುಕೊಂಡಿದ್ದಳು. ಈ ಮಹಾನುಭಾವ ಯಾರಿಗೂ ಹೇಳದೆ ಅದಕ್ಕೆ ಒಂದು ದೊಡ್ಡ ಲೋಟ ಹಸುವಿನ ಹಾಲು ಸುರಿದು ತಿರುವಿಟ್ಟ. ಅವಳು ಉಂಡಳು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿಕೊಂಡು, ನುಲಿದುಕೊಂಡು, ಚೊಂಬು ಹಿಡಿದು ಹಿತ್ತಲಿಗೆ ಓಡಿದವಳು ಬಿಸಿಲು ಇಳಿಯುವವರೆಗೂ ಸುಧಾರಿಸಿಕೊಳ್ಳಲಿಲ್ಲ. ಚಿಕ್ಕಪ್ಪ ಪ್ರಯೋಗದ ಫಲಿತಾಂಶ ಪ್ರಕಟಿಸಿದ: "ಇದೆಲ್ಲ ಮಾನಸಿಕ." ಅಲ್ಲ ಸ್ವಾಮಿ, ಹಾಲು ಬೆರೆತದ್ದು ಅವಳಿಗೆ ಗೊತ್ತೇ ಇಲ್ಲದ ಮೇಲೆ ಮನಸ್ಸಿಗೆ ಹೇಗೆ ಗೊತ್ತಾಯಿತು? ಕೇಳುವವರು ಯಾರು? ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು.

ಹಾಲು ಕುಡಿಯದಿದ್ದರೆ ಮೂಳೆ ಪುಡಿಯಾಗುತ್ತದೆ ಎಂದು ಹೆದರಿಸುವವರೂ ಇದ್ದರು. ಅತ್ತೆ ರಾಗಿ ಅಂಬಲಿ, ಹುಚ್ಚೆಳ್ಳಿನ ಚಟ್ನಿ, ನುಗ್ಗೆಸೊಪ್ಪಿನ ಪಲ್ಯ, ಹುರುಳಿ ಸಾರು ತಿಂದುಕೊಂಡು ಅರವತ್ತು ದಾಟಿದ ಮೇಲೂ ಸೊಂಟದ ಮೇಲೆ ತುಂಬಿದ ಕ್ಯಾನು ಹೊರುತ್ತಿದ್ದಳು. ಹೆದರಿಸಿದವರೇ ಮಂಡಿಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತು, ಇವಳು ಹೋಗುವುದನ್ನು ನೋಡುತ್ತಿದ್ದರು.

ಇಲ್ಲಿಯವರೆಗಿನದು ನಗುವ ಮಾತು. ನಗಲು ಆಗದ್ದೂ ಒಂದಿದೆ.

ಅತ್ತೆಯನ್ನು ಗಾವಡಗೆರೆ ಕಡೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಎಮ್ಮೆ ಹಸು ತುಂಬಿದ ಮನೆ. ಹಾಲು ಕುಡಿದ ಸೊಸೆ ತೊಟ್ಟಿಲು ತುಂಬುತ್ತಾಳೆ ಎಂಬುದು ಅವಳ ಅತ್ತೆಯ ನಂಬಿಕೆ. ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ಎಮ್ಮೆ ಹಾಲು ತಂದು, ಖಾಲಿಯಾಗುವವರೆಗೂ ಎದುರಿಗೇ ನಿಂತಿರುತ್ತಿದ್ದರಂತೆ. ದಿನಾ ಹೊಟ್ಟೆನೋವು. ನನಗೆ ಹಾಲು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ, ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಗಾಳಿ ಬಿಡಲಿಲ್ಲ, ಹಾಲೂ ಬಿಡಲಿಲ್ಲ. ಕೊನೆಗೆ, ಹಾಲು ಒಲ್ಲದವಳು ಮನೆಗೆ ದರಿದ್ರ ಎಂದು ಗೌರಿ ಹಬ್ಬಕ್ಕೆ ತವರಿಗೆ ಕಳಿಸಿದವರು ವಾಪಸು ಕರೆಯಲು ಬರಲೇ ಇಲ್ಲ. ವರ್ಷ ತುಂಬುವುದರೊಳಗೆ ಅವಳ ಗಂಡನಿಗೆ ಇನ್ನೊಂದು ಮದುವೆಯಾಯಿತು. ಅವಳು ಹೊರಟ ದಿನ ಗಂಡ ಅನ್ನಿಸಿಕೊಂಡವನು ಎತ್ತಿನ ಹಗ್ಗ ಹಿಡಿದು ಅಂಗಳದಲ್ಲೇ ನಿಂತಿದ್ದನಂತೆ. ತುಟಿಪಿಟಕ್ಕೆನ್ನಲಿಲ್ಲವಂತೆ.

ಅಂದಿನಿಂದ ನಮ್ಮ ಮನೆಯ ಮದುವೆಗಳಲ್ಲಿ ಧಾರೆಗೆ ಬೇಕಾದ ಹಾಲನ್ನು ಅವಳೇ ಕರೆದು, ಅವಳೇ ಸೋಸಿ ಕೊಡುತ್ತಿದ್ದಳು. ಧಾರೆ ಎರೆಯಲು ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಗಂಡ ಬಿಟ್ಟವಳಲ್ಲವೇ! "ನಾನೆಲ್ ಬುಟ್ಟೆ, ಅವ್ನ್ ಬುಟ್ಟ" ಅಂದುಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಒಂದೂವರೆ ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ಮಗುವಿಗೆ ಭೇದಿ ಹಿಡಿಯಿತು. ಔಷಧಿಯಲ್ಲಿ ಸ್ವಲ್ಪ ನಿಂತರೂ ಹಾಲು ಕುಡಿಸಿದ ಕೂಡಲೇ ಮತ್ತೆ ಶುರು. "ಆಲ್ ನಿಲ್ಸವ್ವ, ನನ್ ಒಟ್ಟೆನೇ ಇದ್ಕೂ ಬಂದೈತೆ" ಎಂದು ಅತ್ತೆ ಒಬ್ಬಳೇ ಹೇಳಿದ್ದು. ನಿನ್ನ ಹುಚ್ಚು ಮಗುವಿಗೂ ಅಂಟಿಸಬೇಡ ಎಂದು ಅಪ್ಪ ರೇಗಿದ. ಮೈಸೂರಿನ ಮಕ್ಕಳ ಡಾಕ್ಟರ ಬಳಿಗೆ ಹೋದೆವು. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಒಂದು ಸಕ್ಕರೆ ಇದೆ, ಅದನ್ನು ಅರಗಿಸುವ ರಸ ಕರುಳಿನಲ್ಲಿ ಕಡಿಮೆಯಾದರೆ ಹೀಗಾಗುತ್ತದೆ, ಭೇದಿಯಾದ ಮಕ್ಕಳಿಗೆ ಇದು ಸ್ವಲ್ಪ ದಿನ ಇದ್ದು ಹೋಗುತ್ತದೆ ಎಂದು ಹೇಳಿ, ಆ ಸಕ್ಕರೆ ಇಲ್ಲದ ಪುಡಿಯ ಡಬ್ಬ ಬರೆದುಕೊಟ್ಟರು. ದೊಡ್ಡವರಿಗೂ ಬರುತ್ತದೆಯೇ ಎಂದು ಕೇಳಿದೆ. ಬೇಕಾದಷ್ಟು ಜನರಿಗೆ ಇದೆ, ಅದು ರೋಗವೇನಲ್ಲ ಅಂದರು. ಅಂಥವರು ಹಾಲು ಬಿಟ್ಟರಾಯಿತು. ಹೆಪ್ಪು ಆ ಸಕ್ಕರೆಯನ್ನು ಒಂದಷ್ಟು ತಿಂದಿರುವುದರಿಂದ ಹುಳಿ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ತುಪ್ಪದಲ್ಲಂತೂ ಅದು ಇಲ್ಲವೇ ಇಲ್ಲ ಅನ್ನಬಹುದು. ರಾಗಿ, ಎಳ್ಳು, ಸೊಪ್ಪು ತಿಂದುಕೊಂಡಿದ್ದರೆ ಮೂಳೆಗೂ ಮೋಸವಿಲ್ಲ.

ಆ ಡಾಕ್ಟರು ನಮ್ಮತ್ತೆಯನ್ನು ಕಂಡವರೇ ಅಲ್ಲ. ಆದರೂ ಅವಳ ಊಟದ ತಟ್ಟೆಯನ್ನು ಎದುರಿಗಿಟ್ಟುಕೊಂಡು ಹೇಳಿದ ಹಾಗಿತ್ತು. ಜೊತೆಗೆ ಬಂದಿದ್ದ ಅಪ್ಪ ಗೋಡೆ ನೋಡುತ್ತಾ ಕೂತಿದ್ದ.

ಡಬ್ಬ ಮನೆಗೆ ಬಂತು. ಅದಕ್ಕೆ ಸಿಕ್ಕಿದ ಗೌರವವನ್ನು ಏನೆಂದು ಹೇಳಲಿ! ದೇವರ ಗೂಡಿನ ಪಕ್ಕವೇ ಜಾಗವಾಯಿತು. ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ಆಯುಷ್ಯವೆಲ್ಲ ಹೇಳಿದ್ದನ್ನು ನಂಬದವರು ತಗಡಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದನ್ನು ಒಂದೇ ದಿನದಲ್ಲಿ ನಂಬಿದರು. ಕೆ.ಆರ್. ನಗರದಿಂದ ಬಂದ ಚಿಕ್ಕಪ್ಪ ಡಬ್ಬವನ್ನು ತಿರುಗಿಸಿ ಮುರುಗಿಸಿ ಓದಿ, "ಇದು ನನಗೆ ಮೊದಲೇ ಅನುಮಾನವಿತ್ತು" ಅಂದ. ಆ ಗಳಿಗೆಯಲ್ಲಿ ಡಬ್ಬ ನನ್ನ ಕೈಯಲ್ಲಿ ಇರಲಿಲ್ಲ, ಅದು ಅವನ ಪುಣ್ಯ.

ಪುಡಿ ಮುಗಿಯುವ ಹೊತ್ತಿಗೆ ಮಗುವಿಗೆ ಹಾಲು ಮತ್ತೆ ಒಗ್ಗಿತು. ಖಾಲಿ ಡಬ್ಬವನ್ನು ಅತ್ತೆ ಕೇಳಿ ಇಸಿದುಕೊಂಡು, ತೊಳೆದು, ಒರೆಸಿ, ಬಟ್ಟೆಯ ಬ್ಯಾಗಿಗೆ ಹಾಕಿದಳು. ಅಲ್ಲಿಂದ ಶುರುವಾಯಿತು ಹೊಸ ಹುಚ್ಚು! ಡೈರಿಗೆ ಹೋದರೆ ಡಬ್ಬ, ಮದುವೆಗೆ ಹೋದರೆ ಡಬ್ಬ. ಎಚ್.ಡಿ. ಕೋಟೆಯಲ್ಲಿ ಒಂದು ನಾಮಕರಣಕ್ಕೆ ಹೋದಾಗ ಕಾಫಿ ತಂದವಳ ಮುಂದೆ ಡಬ್ಬ ತೆಗೆದಿಟ್ಟು "ಇದ್ನ ಓದ್ಬುಟ್ಟು ಆಮ್ಯಾಕೆ ಕಾಪಿ ಕೊಡವ್ವ" ಅಂದಳಂತೆ. ಇಂಗ್ಲಿಷ್ ಬಾರದ ಆಕೆ ಹೆದರಿ ಬಿಸಿನೀರು ತಂದುಕೊಟ್ಟಳಂತೆ.

ಮುಂದೊಮ್ಮೆ ನಾನು ತವರಿಗೆ ಬಂದಾಗ ಅತ್ತೆ ನನ್ನನ್ನು ಕರೆದು ಗಾವಡಗೆರೆ ಬಸ್ಸಿಗೆ ಹೋಗೋಣ ಅಂದಳು. ಲೋಟ ಹಿಡಿದು ನಿಲ್ಲುತ್ತಿದ್ದ ಅವಳ ಅತ್ತೆ ಸತ್ತು ಯಾವ ಕಾಲವಾಗಿತ್ತು. "ಅವ್ರ್ ಮಗ ಇನ್ನೂ ಅವ್ನಲ್ಲ, ಅವ್ನ್ಗೆ ತೋರುಸ್ಬೇಕು. ನೀನು ಓದಿ ಯೋಳು" ಅಂದಳು. ಯಾವ ಮುಖ ಇಟ್ಟುಕೊಂಡು ಹೋಗುತ್ತೀಯ ಎಂದು ಅಪ್ಪ ಕೂಗಾಡಿದ. ಮುಖ ಮರೆಸಿಕೊಳ್ಳಬೇಕಾದವರು ಆ ಮನೆಯವರು ಎಂದು ನಾನೇ ಅವಳನ್ನು ಹೊರಡಿಸಿದೆ. ಬಸ್ಸಿನಲ್ಲಿ ಕೂತು, ಆ ಮನುಷ್ಯನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದು ಇಟ್ಟುಕೊಂಡೆ.

ಮನೆ ದೊಡ್ಡದೇ, ಕೊಟ್ಟಿಗೆ ಮಾತ್ರ ಖಾಲಿ ಹೊಡೆಯುತ್ತಿತ್ತು. ಜಗಲಿಯ ಮೇಲೆ ಮುದುಕ ಕೂತಿದ್ದ. ಅತ್ತೆಯನ್ನು ನೋಡಿ ಎದ್ದು ನಿಂತ, ಮತ್ತೆ ಕೂತ. ಒಳಗಿನಿಂದ ಬಂದ ಎರಡನೆಯ ಹೆಂಡತಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಪಾಪ, ದೂರದಿಂದ ಬಂದಿದ್ದೀರಿ, ಕೂತುಕೊಳ್ಳಿ, ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದಳು. ಅತ್ತೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಕೈ ಹಾಕಿದಳು. ಡಬ್ಬ ಇನ್ನೂ ಹೊರಗೆ ಬಂದಿರಲಿಲ್ಲ.

ಮುದುಕ ಅಡುಗೆಮನೆಯ ಕಡೆ ತಿರುಗಿ ಹೇಳಿದ:

"ಲೇ, ದೊಡ್ಡೋರ್ ಲೋಟುಕ್ಕೆ ಆಲಾಕ್ಬ್ಯಾಡ. ಬೆಲ್ಲ ಆಕಿ ಕರೀದ್ ಕಾಯ್ಸು. ಅವ್ಳಿಗೆ ಆಲು ಆಗಾಕಿಲ್ಲ."

ಆಗಾಕಿಲ್ಲ. ಹುಡುಗಿಯಾಗಿದ್ದಾಗ ಒಬ್ಬರ ಬಾಯಲ್ಲಾದರೂ ಬರಲಿ ಎಂದು ಅತ್ತೆ ಕಾದಿದ್ದ ಮಾತು ಅದೊಂದೇ. ಅವನಿಗೆ ಗೊತ್ತಿತ್ತು. ಆಗಲೂ ಗೊತ್ತಿತ್ತು, ಇಷ್ಟು ವರ್ಷ ನೆನಪಿನಲ್ಲೂ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತೇನೋ. ಮಸೆದು ತಂದಿದ್ದ ಮಾತು ಶುರು ಮಾಡಬೇಕು ಅನ್ನುವಷ್ಟರಲ್ಲಿ ಅತ್ತೆ ನನ್ನ ಮಂಡಿಯ ಮೇಲೆ ಕೈಯಿಟ್ಟು ಅದುಮಿದಳು.

ಕಾಫಿ ಬಂತು. ಆ ಅಂಗಳ ನೋಡುತ್ತಾ ಕೊನೆಯ ಗುಟುಕಿನವರೆಗೂ ಕುಡಿದಳು. ಲೋಟವನ್ನು ತಾನೇ ತೊಳೆದಿಟ್ಟು, ಹೆಂಡತಿಗೆ "ಬತ್ತೀನಿ ಕಣವ್ವ" ಅಂದಳು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ಹೇಡಿ ಅವನು, ಡಬ್ಬ ತೆಗೆದು ಮುಖಕ್ಕೆ ಹಿಡಿಯುವುದು ಬಿಟ್ಟು ಕಾಫಿ ಕುಡಿದು ಬಂದೆಯಲ್ಲ ಎಂದು ಅವಳ ಮೇಲೂ ರೇಗಿದೆ. ಅತ್ತೆ ಬ್ಯಾಗಿನ ಬಾಯಿ ಬಿಗಿಯಾಗಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಹುಣಸೂರು ಹತ್ತಿರ ಬಂದು ಹೊಳೆ ಕಾಣುವಾಗ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಆ ಮಾತ್ನ ಅವತ್ತು ಅವ್ರವ್ವನ್ ಮುಂದೆ ಒಂದ್ಸಲ ಅಂದಿದ್ರೆ, ಇವತ್ತು ಆ ಕಾಪಿನ ಅವ್ನ್ಗೆ ನಾನೇ ಕಾಯ್ಸಿ ಕೊಡ್ತಿದ್ದೆ ಕಣ್ಮಗಾ."