ಉಸಿರು ಅಳೆಯುವ ಮೈದುನ

ಮಕ್ಕಳೇ, ನಿಮ್ಮ ಸಣ್ಣ ಅಜ್ಜನಿಗೆ ಹುಚ್ಚು ಹಿಡಿದಿಲ್ಲ. ಹಿಡಿದಿದ್ದರೆ ಔಷಧ ಕೊಡಿಸಬಹುದಿತ್ತು! ಅವರಿಗೆ ಹಿಡಿದಿರುವುದು ನಿಮ್ಮ ಅಜ್ಜ ಬಿಟ್ಟುಹೋದ ಹಳೆಯ ಕಾರು.

ಅದಕ್ಕೆ ನನ್ನ ಈ ಮೈದುನ ರೇಸಿನವರು ಹಾಕುವಂಥ ದೊಡ್ಡ ಕಾರ್ಬುರೇಟರ್ ಕೂಡಿಸಿದ್ದಾರೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗವಂತೆ. ಮಗರಪಟ್ಟಾದ ನಮ್ಮ ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಮಧ್ಯಾಹ್ನವೂ ಅರೆಗತ್ತಲೆ. ಅಲ್ಲಿ ಬಾನೆಟ್ ಎತ್ತಿ, ಕಾರ್ಬುರೇಟರಿನ ಬಾಯಿಗೆ ಅಂಗೈ ಒಡ್ಡಿ ನಿಲ್ಲುತ್ತಾರೆ. ಒಮ್ಮೆ ನನಗೂ ಕೈ ಇಡಲು ಹೇಳಿದರು. ಒಳಗಿನಿಂದ ಯಾರೋ ನನ್ನ ಅಂಗೈಯನ್ನು ಮೆಲ್ಲಗೆ ಎಳೆದುಕೊಂಡರು! ಎರಡು ದಿನ ಆ ಕೈಯಿಂದ ಹಿಟ್ಟು ನಾದಲಿಲ್ಲ ನಾನು.

"ಎಂಜಿನ್ ಉಸಿರು ಎಳಕೊಳ್ಳೂದು ಅದು, ವೈನಿ," ಎಂದರು ಈ ಅತ್ತಿಗೆಗೆ.

ಆ ಸೆಳೆತ ಅಳೆಯಲು ಒಂದು ಗೇಜು. ರಬ್ಬರ್ ಕೊಳವೆಯ ತುದಿಯಲ್ಲಿ ದುಂಡನೆಯ ಮುಖ, ನಡುಗುವ ಮುಳ್ಳು. ಎಂಜಿನ್ ಆರಿಸಿದ ಮೇಲೂ ಮುಳ್ಳು ಥಟ್ಟನೆ ಬೀಳದೆ, ಯಾರನ್ನೋ ಹುಡುಕುವಂತೆ ಅತ್ತಿತ್ತ ಹೊಯ್ದಾಡಿ ಮಲಗುತ್ತಿತ್ತು. ಗಾಡಿ ಉಸಿರಾಡುತ್ತದೆ ಎಂದು ವಾಚ್‌ಮನ್ ಕಂಬದ ಬಳಿ ಊದುಬತ್ತಿ ಹಚ್ಚತೊಡಗಿದ. ಮೈದುನ ಅವನನ್ನೇ ಬೈದರು, ಆ ಹೊಗೆಯಿಂದ ಗಾಳಿ ಕೆಡುತ್ತದಂತೆ!

ಭಾರ ಬಿದ್ದಾಗ ಸೆಳೆತ ಇಳಿಯುತ್ತದೆ. ಆಗ ಒಂದು ಪುಟ್ಟ ವಾಲ್ವ್ ತಾನೇ ತೆರೆದು ಹೆಚ್ಚು ಪೆಟ್ರೋಲ್ ಕೊಡಬೇಕು. ಯಾವ ಅಂಕಿಗೆ ತೆರೆಯಬೇಕೆಂಬುದೇ ಅವರ ತಪಸ್ಸು. ಎಂಜಿನ್ ಹಚ್ಚಿ ನಿಲ್ಲಿಸಿದ ಗಾಡಿಯ ಮುಳ್ಳು ಒಂಬತ್ತು ತೋರಿಸುತ್ತಿತ್ತು. ಇವರು ಮುಳ್ಳು ಹತ್ತಕ್ಕೆ ಇಳಿದರೇ ತೆರೆಯುವ ವಾಲ್ವ್ ಹಾಕಿದರು! ಅದು ಮುಚ್ಚಿಕೊಳ್ಳುವುದಾದರೂ ಯಾವಾಗ? ಗಾಡಿ ನಿಂತಲ್ಲೇ ಕುಡಿದು ಕಪ್ಪು ಹೊಗೆ ಕಾರಿತು. ಲಿಫ್ಟಿನಿಂದ ಇಳಿದ ಎರಡನೇ ಮಹಡಿಯ ಹೆಂಗಸು, ಹೊಗೆಯಲ್ಲಿ ಬರೀ ಒಂದು ತಲೆ ತೇಲುವುದನ್ನು ಕಂಡು ಹಾಗೇ ಲಿಫ್ಟಿನೊಳಗೆ ವಾಪಸಾದರು.

ಅಂದೇ ನಿಮ್ಮ ಅಪ್ಪ ಕಟ್ಟುನಿಟ್ಟಾಗಿ ಹೇಳಿದ. ಭಾನುವಾರ ಈ ಕಾರು ಎಲ್ಲೂ ನಿಲ್ಲದೆ ದಿವೆ ಘಾಟ್ ಹತ್ತಿದರೆ ಇರಲಿ, ಇಲ್ಲವಾದರೆ ಸೋಮವಾರ ಗುಜರಿಗೆ. ಹಿಂದೆ ಎರಡು ಸಲ ಅದು ನಡುದಾರಿಯಲ್ಲೇ ಸತ್ತುಬಿದ್ದಿತ್ತು. ಮೈದುನ ಉಣ್ಣುವುದನ್ನೂ ಮರೆತರು. ಕೊನೆಗೆ ಒಂಬತ್ತರಲ್ಲಿ ಅರ್ಧ ಮಾಡಿ, ನಾಲ್ಕೂವರೆಗೆ ತೆರೆಯುವ ವಾಲ್ವ್ ಕೂಡಿಸಿದರು.

ಭಾನುವಾರ ಬೆಳಿಗ್ಗೆ ಗೇಜು ನನ್ನ ತೊಡೆಯ ಮೇಲೆ ಬಂತು. ಅವರು ರಸ್ತೆ ನೋಡಬೇಕು, ನಾನು ಅಂಕಿ ಓದಬೇಕು. ನಾಲ್ಕು ಜನರೆದುರು ಬಾಯಿ ಬಿಡದ ನನಗೆ ಎಂಥ ಕೆಲಸ! ನಿಮ್ಮ ಅಪ್ಪ ತನ್ನ ಕಾರಿನಲ್ಲಿ ಹಿಂದೆಯೇ ಬಂದ. ಏರು ಶುರುವಾಯಿತು. ಎಂಟು. ಏಳು. ಆರು. ಎಂಜಿನ್ ಏದುಸಿರು ಬಿಟ್ಟಿತು. ಐದು ಎಂದವಳೇ ಗೇಜಿನ ಮುಖವನ್ನು ಅಂಗೈಯಿಂದ ಮುಚ್ಚಿದೆ.

ಆಸ್ಪತ್ರೆಯಲ್ಲಿ ನಿಮ್ಮ ಅಜ್ಜನ ಬೆರಳಿಗೆ ಸಿಕ್ಕಿಸಿದ್ದ ಯಂತ್ರದ ಅಂಕಿಗಳನ್ನು ಹೀಗೆಯೇ ಓದುತ್ತಿದ್ದೆ, ಒಳಗೆ ಬಿಡದೆ ಹೊರಗೆ ನಿಲ್ಲಿಸಿದ್ದ ಅವರ ಈ ತಮ್ಮನಿಗಾಗಿ, ಫೋನಿನಲ್ಲಿ. ಇಳಿಯುತ್ತ ಇಳಿಯುತ್ತ ಒಂದು ಅಂಕಿಗೆ ನನ್ನ ದನಿ ನಿಂತುಹೋಗಿತ್ತು.

"ನಿಲ್ಲಸಬ್ಯಾಡ್ರಿ, ವೈನಿ," ಎಂದರು ಮೈದುನ, ರಸ್ತೆಯಿಂದ ಕಣ್ಣು ಕೀಳದೆ. "ಅವತ್ತು ನೀವು ಸುಮ್ಮನಾದ್ರಿ. ನಾ ಹೊರಗ ಫೋನ್ ಕಿವಿಗೆ ಹಿಡಕೊಂಡು ನಿಂತೇ ಇದ್ದೆ."

ಅಂಗೈ ಸರಿಸಿದೆ. "ನಾಲ್ಕು," ಎಂದೆ.

ವಾಲ್ವ್ ತೆರೆದುಕೊಂಡಿರಬೇಕು, ಕಾರು ಮೈಯೆಲ್ಲ ನಡುಗಿ, ಒಮ್ಮೆಲೇ ಬಲ ಬಂದಂತೆ ಏರಿತು. ಘಾಟ್ ಮುಗಿಯಿತು, ಸಾಸವಡದ ಕಡೆಗೆ ರಸ್ತೆ ಸಪಾಟಾಯಿತು. ಮುಳ್ಳು ಮೇಲೇಳುತ್ತಿತ್ತು. ಏಳು. ಒಂಬತ್ತು. ಹನ್ನೊಂದು. ಮೈದುನ ಸಾಕು ಎನ್ನಲಿಲ್ಲ. ನಾನೂ ಓದುವುದನ್ನು ಬಿಡಲಿಲ್ಲ.