ಷಡ್ಡಕನ ಸೈಕಲ್ಲಿಗೆ ಕಾಯುವವರು

ನಮ್ಮ ಷಡ್ಡಕನಿಂದ ಒಂದು ಸೈಕಲ್ ಮಾಡಿಸಿಕೊಳ್ಳಬೇಕೆಂದರೆ ಮೊದಲು ಹೆಸರು ಬರೆಸಿ ಎಂಟು ತಿಂಗಳು ಕಾಯಬೇಕು. ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ನನ್ನನ್ನು ಬೈಯುವುದಕ್ಕೆ ಜನ ಎಂಟು ನಿಮಿಷವೂ ಕಾಯುವುದಿಲ್ಲ. ಹಾಗಿರುವಾಗ ಲೋಕದಲ್ಲಿ ಹೀಗೂ ಒಂದು ವ್ಯಾಪಾರ ಇದೆಯೆಂದು ನನಗೆ ಹೇಗೆ ತಿಳಿಯಬೇಕು!

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗೆ ‘ಭಾವ, ನೀವು’ ಎನ್ನುತ್ತೇನೆ. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಬೇಕು; ಹೊಟ್ಟೆಕಿಚ್ಚಿಗೆ ಬಹುವಚನ ಹೊಂದುವುದಿಲ್ಲ. ಇವನು ಮುಂಬಯಿ ಪಕ್ಕದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಒಂದು ಬಣ್ಣದ ಕಾರ್ಖಾನೆಯ ಬೆನ್ನಿಗಿರುವ ಶೆಡ್ಡಿನಲ್ಲಿ, ದರ್ಜಿ ಅಂಗಿ ಹೊಲಿದಂತೆ ಒಬ್ಬೊಬ್ಬರ ಮೈ ಅಳತೆಗೆ ಒಂದೊಂದು ಸೈಕಲ್ ಮಾಡಿಕೊಡುತ್ತಾನೆ. ‘ನಮ್ಮ ಕಂಪೆನಿ’ ಎನ್ನುತ್ತಾನೆ. ಕಂಪೆನಿಯಲ್ಲಿ ಇರುವವರು ಇಬ್ಬರು: ಇವನು, ಮತ್ತು ಇವನಿಗಿಂತ ಎರಡು ವರ್ಷ ದೊಡ್ಡವರಾದ ಒಬ್ಬ ವೆಲ್ಡರ್ ಚಾಚಾ. ತಿಂಗಳಿಗೆ ಒಂದು ಸೈಕಲ್ ಹೊರಬಿದ್ದರೆ ಆ ತಿಂಗಳು ಭಾರೀ ವೇಗದಲ್ಲಿ ಕೆಲಸ ನಡೆದಿದೆ ಎಂದು ಅರ್ಥ.

ನನ್ನದು ಕೋಪರಖೈರಣೆಯಲ್ಲಿ ಒಂದು ಉಡುಪಿ ಹೋಟೆಲು. ನನ್ನ ಗಿರಾಕಿಯ ಬೆನ್ನು ಕುರ್ಚಿಗೆ ತಾಗುವ ಮೊದಲೇ ಅವನ ಬಾಯಿಂದ ‘ಅರೆ ಅಣ್ಣಾ, ಕಿತನಾ ಟೈಮ್?’ ಎಂದು ಬಂದಿರುತ್ತದೆ. ದೋಸೆಗೆ ಹಿಟ್ಟು ಹುಯ್ದು ಸುತ್ತುವುದಕ್ಕೆ ಅಗ್ನಿದೇವನಿಗೇ ನಾಲ್ಕು ನಿಮಿಷ ಬೇಕಲ್ಲ! ಐದನೆಯ ನಿಮಿಷಕ್ಕೆ ಅವನು ಮೇಜು ಕುಟ್ಟುತ್ತಾನೆ, ಆರನೆಯದಕ್ಕೆ ಮೊಬೈಲು ತೆಗೆಯುತ್ತಾನೆ. ಒಬ್ಬ ಮಹಾನುಭಾವ ನಮ್ಮ ಹೋಟೆಲಿಗೆ ಒಂದೇ ನಕ್ಷತ್ರ ಕೊಟ್ಟು ಕಾರಣ ಬರೆದಿದ್ದ: ‘ಸಾಂಬಾರು ತುಂಬಾ ಬಿಸಿಯಿತ್ತು.’

ಇನ್ನು ಷಡ್ಡಕನ ದರ್ಬಾರು ನೋಡಿ. ಠಾಣೆಯಿಂದ ಒಬ್ಬ ಬಿಲ್ಡರ್ ಬಂದಿದ್ದ. ಫ್ಲ್ಯಾಟಿನ ಬೀಗದ ಕೈ ಕೊಡುವುದಕ್ಕೆ ತಾನು ಜನರನ್ನು ವರ್ಷಗಟ್ಟಲೆ ಕಾಯಿಸುವ ಮನುಷ್ಯ. ಷಡ್ಡಕ ಅವನ ಕೈ, ಕಾಲು, ಬೆನ್ನು, ಹೆಗಲು ಎಲ್ಲ ಟೇಪು ಹಿಡಿದು ಅಳೆದ. ಆಮೇಲೆ ಪ್ರಶ್ನೆಗಳು. ಯಾವ ಮಗ್ಗುಲಿಗೆ ಮಲಗುತ್ತೀರಿ? ಚೀಲ ಯಾವ ಹೆಗಲಿಗೆ? ಸಿಟ್ಟು ಬಂದಾಗ ವೇಗವಾಗಿ ನಡೆಯುತ್ತೀರೋ, ನಿಂತುಬಿಡುತ್ತೀರೋ? ಡಾಕ್ಟರರೂ ಕೇಳದ ಇಂಥ ಪ್ರಶ್ನೆಗಳಿಗೆಲ್ಲ ಅವನು ವಿಧೇಯನಾಗಿ ಉತ್ತರ ಕೊಟ್ಟು ಕೊನೆಗೆ ಒಂದೇ ಒಂದು ಮಾತು ಕೇಳಿದ:

“ಡೆಲಿವರಿ ಕಬ್?”

“ಸೈಕಲ್ ಬನ್‌ನೇ ಕೇ ಬಾದ್,” ಎಂದ ಷಡ್ಡಕ. ಸೈಕಲ್ ಆದ ಮೇಲೆ, ಅಷ್ಟೇ.

ಬಿಲ್ಡರನ ಮುಖ ಕೆಂಪಾಯಿತು. ‘ನಾನು ಯಾರು ಗೊತ್ತಾ’ ಎಂಬ ಧಾಟಿಯಲ್ಲಿ ಏನೋ ಶುರುಮಾಡಿದ. ಷಡ್ಡಕ ಪುಸ್ತಕ ತೆಗೆದು ಅವನ ಹೆಸರು ಹೊಡೆದುಹಾಕಿ, ತಾರೀಖಿನ ಸಮೇತ ಸೈಕಲ್ ಸಿಗುವ ಅಂಗಡಿ ಸ್ಟೇಷನ್ನಿನ ಹತ್ತಿರ ಇದೆಯೆಂದು ದಾರಿ ತೋರಿಸಿದ. ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಒಬ್ಬ ಗಿರಾಕಿಯಾದರೂ ಕೈಬಿಟ್ಟನಲ್ಲ! ಮುಂದಿನ ಭಾನುವಾರ ಬಿಲ್ಡರ್ ವಾಪಸು ಬಂದ. ಕೈಯಲ್ಲಿ ಒಂದು ಪೆಟ್ಟಿಗೆ ಆಪೂಸ್ ಮಾವಿನಹಣ್ಣು!

ಫೋನು ಮಾಡಿದರೆ ಇವನು ಎತ್ತುವುದಿಲ್ಲ. ತಿಂಗಳಲ್ಲಿ ಎರಡು ಸಲ ಫೋನು ಮಾಡಿದವರ ಹೆಸರು ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಅದು ಗೊತ್ತಿರುವುದರಿಂದ ಜನ ಅವನ ಹೆಂಡತಿಗೆ, ನನ್ನ ಅತ್ತಿಗೆಗೆ, ಫೋನು ಮಾಡಿ, “ಸೇಠ್ ಚೆನ್ನಾಗಿದ್ದಾರಾ? ಬೆನ್ನುನೋವು ಕಡಿಮೆಯಾಯಿತಾ?” ಎಂದು ವಿಚಾರಿಸುತ್ತಾರೆ. ಸೈಕಲ್ಲಿನ ಸುದ್ದಿಯೇ ಎತ್ತುವುದಿಲ್ಲ! ಇಪ್ಪತ್ತು ವರ್ಷ ಗಲ್ಲೆಯಲ್ಲಿ ಕೂತ ನನ್ನ ಬೆನ್ನು ಯಾರಿಗಾದರೂ ನೆನಪಾಗಿದೆಯೇ?

ಈ ಕಿಚ್ಚಿಗೆ ತುಪ್ಪ ಸುರಿಯಲು ಮನೆಯಲ್ಲಿ ನನ್ನ ಹೆಂಡತಿ.

“ಭಾವನತ್ರ ಜನ ಎಷ್ಟು ಗೌರವದಲ್ಲಿ ಕಾಯ್ತಾರೆ ನೋಡಿ. ನಿಮ್ಮತ್ರ ಯಾಕೆ ಹಾಗೆ ಆಗುದಿಲ್ಲ?”

“ನಮ್ಮದು ಇಡ್ಲಿ, ಮಾರಾಯ್ತಿ!”

“ಅದೇ. ನೀವು ಅದನ್ನು ಬರೀ ಇಡ್ಲಿ ಅಂತ ಎಣಿಸಿದ್ದೇ ತಪ್ಪು.”

ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಮರುದಿನ ಬೆಳಿಗ್ಗೆ ಪ್ರಯೋಗಕ್ಕೆ ಇಳಿದೆ. ದಿನಾ ಬರುವ ಬ್ಯಾಂಕಿನ ಗುಮಾಸ್ತನೊಬ್ಬ ಮಸಾಲೆ ದೋಸೆ ಹೇಳಿದ. ನಾನೇ ಅವನ ಮೇಜಿಗೆ ಹೋಗಿ, ಷಡ್ಡಕನ ಗಂಭೀರ ಮುಖವನ್ನು ಆದಷ್ಟು ಧರಿಸಿ, ದೋಸೆಯನ್ನು ಅಂಚಿನಿಂದ ಮುರಿಯುತ್ತೀರೋ ನಡುವಿನಿಂದಲೋ ಎಂದು ಕೇಳಿದೆ. ಚಟ್ನಿಗೆ ಯಾವ ಬೆರಳು ಮೊದಲು ಹೋಗುತ್ತದೆ ಎಂದೂ ಕೇಳಿದೆ. ಒಳ್ಳೆಯ ದೋಸೆಗೆ ತಾರೀಖು ಇರುವುದಿಲ್ಲ ಎಂದು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅವನು ನಮ್ಮ ವೇಟರನ್ನು ಹತ್ತಿರ ಕರೆದು ಮೆಲ್ಲಗೆ ವಿಚಾರಿಸಿದ: “ಸೇಠ್ ಕೀ ತಬಿಯತ್ ಠೀಕ್ ಹೈ ನಾ?”

ಅಂತೂ ನನ್ನ ಆರೋಗ್ಯವನ್ನೂ ಒಬ್ಬ ಗಿರಾಕಿ ವಿಚಾರಿಸಿದ ಹಾಗಾಯಿತು!

ಇನ್ನು ಷಡ್ಡಕನ ಗುಟ್ಟನ್ನು ಹತ್ತಿರದಿಂದಲೇ ನೋಡಬೇಕೆಂದು ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಗಲ್ಲೆಗೆ ಕೂರಿಸಿ ಡೊಂಬಿವಲಿಗೆ ಹೋದೆ. ಅಲ್ಲಿ ಸ್ಟೂಲಿನ ಮೇಲೆ ಒಬ್ಬರು ಮಾಸ್ತರರು ಕೂತು ಚಹಾ ಕುಡಿಯುತ್ತಿದ್ದರು. ಮೂಲ ವಿಜಯಪುರದ ಕಡೆಯವರು, ಕಲ್ಯಾಣದ ಶಾಲೆಯೊಂದರಲ್ಲಿ ಪಾಠ, ಮನೆ ಟಿಟ್ವಾಳಾದಲ್ಲಿ. ಚಿಕ್ಕಂದಿನ ಜ್ವರವೊಂದು ಅವರ ಬಲಗಾಲನ್ನು ನಾಲ್ಕು ಬೆರಳು ಗಿಡ್ಡ ಮಾಡಿ ಹೋಗಿತ್ತು. ಮನೆಯಿಂದ ಸ್ಟೇಷನ್ನಿಗೆ ಸೈಕಲ್ಲಿನಲ್ಲೇ ಹೋಗುತ್ತಾರೆ; ಎಡಗಾಲು ತುಳಿಯುತ್ತದೆ, ಬಲಗಾಲು ಸುಮ್ಮನೆ ನೇತಾಡುತ್ತದೆ. ಅವರ ಹೆಸರು ಬರೆಸಿ ಹದಿನಾಲ್ಕು ತಿಂಗಳಾಗಿತ್ತು. ಷಡ್ಡಕ “ಇನ್ನೂ ಆಗ್ಲಿಲ್ಲ ಮಾಷ್ಟ್ರೇ” ಎಂದ. ಅವರು “ಇರ್ಲಿರಿ, ಏನ್ ಅವಸರಿಲ್ಲ. ನಡೀತದ ಬಿಡ್ರಿ,” ಎಂದು ಎದ್ದರು.

ನಾವಿಬ್ಬರೂ ಸ್ಟೇಷನ್ನಿಗೆ ಒಂದೇ ರಿಕ್ಷಾ ಹಿಡಿದೆವು. ನನ್ನೊಳಗಿನ ಸೈತಾನ ಅಲ್ಲೇ ಎದ್ದು ಕೂತ.

“ಹದಿನಾಲ್ಕು ತಿಂಗಳು! ನೀವು ಬೈಬೇಕು ಮಾಷ್ಟ್ರೇ.”

“ನನಗ ಬೈಲಿಕ್ಕೆ ಬರೂದಿಲ್ರಿ.”

“ಮಾಷ್ಟ್ರಾಗಿ ಬೈಲಿಕ್ಕೆ ಬರುದಿಲ್ವಾ?”

ಅವರ ಮೇಲಿನ ಕನಿಕರದಿಂದ ಹೇಳಿದೆನೆಂದು ತಿಳಿಯಬೇಡಿ. ಷಡ್ಡಕ ತನ್ನ ಗಿರಾಕಿಯಿಂದ ಒಂದೇ ಒಂದು ಸಲ ಬೈಸಿಕೊಳ್ಳುವುದನ್ನು ಕಣ್ಣಾರೆ ಕಂಡು ಹಾಯಾಗಿ ಮಲಗಬೇಕಾಗಿತ್ತು ನನಗೆ! ಇಪ್ಪತ್ತು ವರ್ಷಗಳಿಂದ ಗಿರಾಕಿಗಳು ನನಗೆ ಅಂದದ್ದನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟೆ. ಮಾಸ್ತರರು ನೋಟ್‌ಬುಕ್ಕು ತೆಗೆದು, ಕುಲುಕುವ ರಿಕ್ಷಾದಲ್ಲಿ ಶ್ರದ್ಧೆಯಿಂದ ಬರೆದುಕೊಂಡರು. ಒಂದೆರಡು ಶಬ್ದಗಳಿಗೆ ಕಾಗುಣಿತ ಕೇಳಿದರು.

ಮುಂದಿನ ತಿಂಗಳು ಮಾಸ್ತರರು ಬರುವ ಭಾನುವಾರ ನಾನು ಮೊದಲೇ ಹೋಗಿ ಒಳ್ಳೆಯ ಜಾಗ ಹಿಡಿದು ಕೂತೆ. ಮಾಸ್ತರರು ಬಂದರು. ಚಹಾ ಬೇಡವೆಂದರು. ಕನ್ನಡಕ ಏರಿಸಿ, ನೋಟ್‌ಬುಕ್ಕು ಬಿಡಿಸಿ, ಎದ್ದುನಿಂತು ಓದಿದರು:

“ಇದೇನ್ರಿ ನಿಮ್ಮ ಸರ್ವಿಸು? ಗಿರಾಕಿ ಅಂದ್ರ ಏನ್ ತಿಳಕೊಂಡೀರಿ? ರೊಕ್ಕಾ ಪುಕ್ಕಟೆ ಬರ್ತಾವೇನು? ಎರಡನೇ ಸಲ ಚಟ್ನಿ ಕೇಳಿದ್ರ ಯಾಕ ಕೊಡೂದಿಲ್ಲ?”

ಷಡ್ಡಕ ಮಾಸ್ತರರನ್ನು ಬಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಮಾಡಿನ ಪತ್ರಾ ತಗಡುಗಳನ್ನು ಎಣಿಸತೊಡಗಿದೆ.

ಸಿಡಿಯುತ್ತಾನೆ, ಮಾಸ್ತರರ ಹೆಸರು ಹೊಡೆದುಹಾಕುತ್ತಾನೆ ಎಂದು ಹೆದರಿದೆ. ಆ ಸೈಕಲ್ಲು ನನ್ನಿಂದಾಗಿ ಕೈತಪ್ಪಿದರೆ? ಆದರೆ ಅವನು ಬೆಂಚಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ನೆಲಕ್ಕೆ ಸುರಿದ. ಖಣಖಣ ಎಂದು ಏಳು ಕಬ್ಬಿಣದ ಕೋಲುಗಳು ಬಿದ್ದವು. ಪೆಡಲನ್ನು ಹಿಡಿದು ತಿರುಗುವ ಕೋಲು, ಕ್ರ್ಯಾಂಕ್ ಎನ್ನುತ್ತಾರೆ. ಏಳೂ ಬೇರೆ ಬೇರೆ ಉದ್ದ, ಏಳೂ ಬಲಗಾಲಿನವು.

“ಇದರಲ್ಲಿ ಮೊಣಕಾಲು ಹೊಟ್ಟೆಗೆ ತಾಗ್ತದೆ,” ಎಂದು ಒಂದನ್ನು ಎತ್ತಿ ಪಕ್ಕಕ್ಕಿಟ್ಟ. “ಇದರಲ್ಲಿ ಪಾದ ಜಾರ್ತದೆ. ಇದು ಪರವಾಗಿಲ್ಲ, ಆದ್ರೆ ಹತ್ತು ನಿಮಿಷಕ್ಕೆ ಸೊಂಟ ನೋವು ಬರ್ತದೆ.”

“ನಿಮಗ ಹೆಂಗ ಗೊತ್ತಾತ್ರಿ?” ಎಂದರು ಮಾಸ್ತರರು.

ಉತ್ತರ ಕೊಟ್ಟವರು ವೆಲ್ಡರ್ ಚಾಚಾ. ಮೂಲೆಯಿಂದ ಒಂದು ಹಳೆಯ ಬೂಟನ್ನು ತಂದು ತೋರಿಸಿದರು. ಎಡಗಾಲಿನದು; ಅಟ್ಟೆಗೆ ನಾಲ್ಕು ಬೆರಳು ದಪ್ಪದ ಮರದ ತುಂಡು ಬಡಿದಿತ್ತು. ಅದನ್ನು ಹಾಕಿಕೊಂಡರೆ ಬಲಗಾಲು ಗಿಡ್ಡವಾಗುತ್ತದೆ. ಹಾಕಿಕೊಂಡು ಷಡ್ಡಕ ಒಂದೊಂದು ಕೋಲಿಗೂ ಎಂಐಡಿಸಿಯನ್ನು ಸುತ್ತಿದ್ದಾನೆ, ಎರಡು ಸಲ ಗಟಾರಕ್ಕೆ ಬಿದ್ದಿದ್ದಾನೆ.

ಮಾಸ್ತರರು ಸ್ಟೂಲಿನ ಮೇಲೆ ಕೂತುಬಿಟ್ಟರು. “ಇಷ್ಟೆಲ್ಲಾ ಯಾಕ್ರಿ? ಮೊದಲನೇದ್ದೇ ಕೊಟ್ಟಿದ್ರ ನಡೀತಿತ್ತಲ್ರಿ.”

“ಗೊತ್ತುಂಟು. ಅದಕ್ಕೇ ತೋರಿಸ್ಲಿಲ್ಲ,” ಎಂದ ಷಡ್ಡಕ. “ಇಷ್ಟು ವರ್ಷ ಒಂದು ಕಾಲಲ್ಲಿ ತುಳಿದವರು ನೀವು. ನಿಮಗೆ ಎಂತ ಕೊಟ್ರೂ ನಡೀತದೆ. ನನಗೆ ನಡಿಯುದಿಲ್ಲ ಮಾಷ್ಟ್ರೇ.”

ನನಗೆ ನಾಚಿಕೆಯಾಯಿತು ಎಂದರೆ ಅರ್ಧ ಸತ್ಯ. ಹೊಟ್ಟೆಕಿಚ್ಚು ಇನ್ನೂ ಜೋರಾಯಿತು! ನನ್ನ ಬಗ್ಗೆ ಯಾರಾದರೂ ಇಷ್ಟು ಯೋಚನೆ ಮಾಡಿ ಗಟಾರಕ್ಕೆ ಬಿದ್ದಿದ್ದಾರೆಯೇ? ಅದಕ್ಕಿಂತ ಹೆಚ್ಚಾಗಿ, ನಾನು ಯಾರಿಗಾಗಿಯಾದರೂ ಬಿದ್ದಿದ್ದೇನೆಯೇ?

ಎರಡು ತಿಂಗಳ ಮೇಲೆ ಸೈಕಲ್ಲು ಸಿದ್ಧವಾಯಿತು. ಷಡ್ಡಕ ನನಗೆ ತಾನೇ ಫೋನು ಮಾಡಿ ಕರೆದ. ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ. ಮಾಸ್ತರರು ಹತ್ತಿದರು. ಷಡ್ಡಕ ಕ್ಯಾರಿಯರ್ ಹಿಡಿದು ಹಿಂದೆ ಓಡಿದ. ಐವತ್ತೆಂಟರ ಮನುಷ್ಯ, ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಬಣ್ಣದ ಕಾರ್ಖಾನೆಯ ಗೋಡೆ ದಾಟಿದ ಮೇಲೆ ಕೈ ಬಿಟ್ಟು ಏದುಸಿರು ಬಿಡುತ್ತ ನಿಂತ. ಮಾಸ್ತರರು ಮುಂದೆ ಹೋದರು. ಅವರ ಎರಡು ಮೊಣಕಾಲುಗಳೂ ಸಮಸಮವಾಗಿ ಏರುತ್ತ ಇಳಿಯುತ್ತ ತಿರುವಿನವರೆಗೆ ಹೋದವು, ಮತ್ತೆ ನಮ್ಮ ಕಡೆಗೆ ಬಂದವು.

“ಹೇಗುಂಟು?” ಎಂದು ಕೇಳಿದ ಷಡ್ಡಕ. ಠಾಣೆಯ ಬಿಲ್ಡರನಿಗೆ ದಾರಿ ತೋರಿಸಿದ ಆಸಾಮಿ ಈಗ ಇನ್ನೊಬ್ಬರ ಮಾತಿಗೆ ಕಾಯುತ್ತಿದ್ದ.

ಮಾಸ್ತರರು ಕೆಳಗಿಳಿದು ಕಣ್ಣೊರೆಸಿಕೊಂಡರು. ಹ್ಯಾಂಡಲ್ ನೋಡಿದರು, ಪೆಡಲ್ ನೋಡಿದರು. ‘ನಡೀತದ ಬಿಡ್ರಿ’ ಎನ್ನುತ್ತಾರೆಂದು ನನಗೂ ಗೊತ್ತಿತ್ತು, ಚಾಚಾಗೂ ಗೊತ್ತಿತ್ತು. ಅವರು ಒಂದು ಸಲ ಕೆಮ್ಮಿ ಹೇಳಿದರು:

“ಬಲಗಡೆ ಬ್ರೇಕ್ ಸ್ವಲ್ಪ ಬಿಗಿ ಅದರಿ. ಸರಿಮಾಡಿ ಕೊಡ್ರಿ.”

ಷಡ್ಡಕ, ಮಗಳು ಮೊದಲ ರ‍್ಯಾಂಕು ಬಂದ ಸುದ್ದಿ ಸಾರುವವನ ಹಾಗೆ ನನ್ನ ತೋಳು ಹಿಡಿದು ಅಲುಗಾಡಿಸಿದ: “ಕೇಳಿದ್ಯಾ ಮಾರಾಯ? ಬಿಗಿ ಉಂಟಂತೆ! ಅವರಿಗೆ ಸರಿಯಾಗ್ಲಿಲ್ವಂತೆ!”

ಪಾನಾ ಹಿಡಿದು ರಸ್ತೆಯಲ್ಲೇ ಮಂಡಿಯೂರಿದ. ಕಣ್ಣು ಮಂಜಾಗಿ ನಟ್ಟು ಸಿಗಲಿಲ್ಲ. ನಾನು ಪಕ್ಕದಲ್ಲಿ ಕೂತು ಅವನ ಬೆರಳನ್ನು ನಟ್ಟಿನ ಮೇಲೆ ಇಟ್ಟೆ. ಅವನು ಒಂದು ಸುತ್ತು ಸಡಿಲಿಸಿದ. ಮಾಸ್ತರರು ಬ್ರೇಕ್ ಹಿಡಿದು ನೋಡಿದರು.

“ಇನ್ನಾ ಸ್ವಲ್ಪ,” ಎಂದರು.