ಇಂಜೆಕ್ಷನ್ನಿಗೂ ಕೊಸರು

ಪುಟ್ಟಗಂಗಮ್ಮ: ಹತ್ತು ಅಂದ್ರೆ ಹತ್ತು ಕಣ್ರೀ! ಸಿರಿಂಜಲ್ಲಿ ಹನ್ನೆರಡರ ಗೀಟಿನ ತನಕ ಯಾಕೆ ಎಳೀತಿದೀರ?

ಓಬಳಯ್ಯ: ಮೆಲ್ಲಗೆ ಮಾತಾಡೇ. ಕೈ ಅಲ್ಲಾಡಿದ್ರೆ ನೊರೆ ಬರ್ತದೆ.

ಪುಟ್ಟಗಂಗಮ್ಮ: ಔಷಧಿಗೆ ಎಲ್ಲಿಂದ ಬಂತ್ರೀ ನೊರೆ?

ಓಬಳಯ್ಯ: ನೋಡಿಲ್ಲಿ, ಗುಳ್ಳೆ. ಗುಳ್ಳೆ ಅಂದ್ರೆ ನೊರೆನೇ. ನೊರೆ ಅಳೆದು ಹಾಲು ಅಂತ ಕೊಟ್ಟೋನಲ್ಲ ನಾನು.

ಕುಣಿಗಲ್ ಪೇಟೆಯಲ್ಲಿ ಮೂವತ್ತು ವರ್ಷ ಮನೆಮನೆಗೆ ಹಾಲು ಅಳೆದ ಕೈ ಅದು. ಈಗ ಎಮ್ಮೆಗಳಿಲ್ಲ, ಕ್ಯಾನು ಕಟ್ಟಿದ ಸೈಕಲ್ಲೂ ಇಲ್ಲ. ಭಾನುವಾರಕ್ಕೊಮ್ಮೆ ಹೆಂಡತಿಯ ಹೊಟ್ಟೆಗೆ ತೂಕ ಇಳಿಸುವ ಇಂಜೆಕ್ಷನ್ ಚುಚ್ಚುವುದೊಂದೇ ಓಬಳಯ್ಯನಿಗೆ ಉಳಿದ ಉದ್ಯೋಗ. ಎಂಟು ಕೆಜಿ ಇಳಿಸಿದರೆ ಮಂಡಿ ಆಪರೇಷನ್ ಮಾಡುತ್ತೇನೆಂದು ತುಮಕೂರಿನ ಡಾಕ್ಟರು ಹೇಳಿದ್ದರು. ಆದರೆ ಹೋದ ಭಾನುವಾರ ಚುಚ್ಚಿಸಿಕೊಂಡ ಮೇಲೆ ಪುಟ್ಟಗಂಗಮ್ಮ ಎರಡು ದಿನ ಕುಡಿದ ನೀರನ್ನೂ ಕಕ್ಕಿದ್ದಳು. ಇನ್ನೊಂದು ಸಲ ಹೀಗಾದರೆ ಔಷಧಿಯನ್ನೇ ನಿಲ್ಲಿಸುತ್ತೇನೆ ಎಂದು ಡಾಕ್ಟರು ಫೋನಿನಲ್ಲಿ ಗದರಿದ್ದರು. ಔಷಧಿ ನಿಂತರೆ ಆಪರೇಷನ್ನೂ ನಿಂತ ಹಾಗೆ. ನೆಲದ ಮೇಲೆ ಕೂತರೆ ಇಬ್ಬರು ಹಿಡಿದೆತ್ತಬೇಕಾದ ಹೆಂಗಸಿಗೆ ಅದು ತಮಾಷೆಯ ಮಾತಲ್ಲ. ಅದಕ್ಕೇ ಇವತ್ತು ಕನ್ನಡಕ ಏರಿಸಿಕೊಂಡು ಗಂಡನ ಕೈಯನ್ನೇ ಕಾಯುತ್ತಿದ್ದಳು.

ಪುಟ್ಟಗಂಗಮ್ಮ: ಗುಳ್ಳೆ ಬಂದ್ರೆ ಬೆರಳಲ್ಲಿ ತಟ್ಟಿ ಮೇಲಕ್ಕೆ ತಂದು ಬಾಟ್ಲಿಗೇ ತಳ್ಳಿ ಅಂತ ಮಹಡಿ ಮನೆ ನರ್ಸ್ ಶಿಲ್ಪಾ ಹೇಳ್ಕೊಟ್ಟಿಲ್ವಾ?

ಓಬಳಯ್ಯ: ತಟ್ಟಿದೆ, ತಳ್ಳಿದೆ. ಹೋಯ್ತು ನೋಡು.

ಪುಟ್ಟಗಂಗಮ್ಮ: ಗುಳ್ಳೆ ಹೋಯ್ತು. ಔಷಧಿ ಇನ್ನೂ ಹನ್ನೆರಡರಲ್ಲೇ ನಿಂತದಲ್ಲ?

ಓಬಳಯ್ಯ: ಹತ್ತು ಅಳತೆ. ಮಿಕ್ಕಿದ್ದೆರಡು ಕೊಸರು.

ಪುಟ್ಟಗಂಗಮ್ಮ: ಏನಂದ್ರಿ?

ಓಬಳಯ್ಯ: ಕೊಸರು ಕಣೇ! ಲೀಟ್ರು ಹೊಯ್ದು, ಮೇಲೊಂದು ಚೂರು ಬಿಡದೆ ಯಾವತ್ತಾದ್ರೂ ಕೈ ಹಿಂದಕ್ಕೆ ತಗೊಂಡಿದೀನಾ? ಊರೋರಿಗೆಲ್ಲ ಕೊಸರು ಹಾಕ್ದೋನು ಕಟ್ಕೊಂಡೋಳಿಗೆ ಗೀಟಿಗೆ ಸರಿಯಾಗಿ ಅಳೀಲಾ?

ಪುಟ್ಟಗಂಗಮ್ಮ ಕನ್ನಡಕ ತೆಗೆದಳು. ಕನ್ನಡಕ ತೆಗೆದರೆ ಅವಳಿಗೆ ಸಿಟ್ಟು ಬಂದಿದೆ ಎಂದರ್ಥ.

ಪುಟ್ಟಗಂಗಮ್ಮ: ಹೋದ ವಾರ ಎಷ್ಟು ಹಾಕಿದ್ರಿ?

ಓಬಳಯ್ಯ: ಹೋದ ವಾರ... ಕೊಸರು ಒಂಚೂರು ಧಾರಾಳವಾಯ್ತು.

ಪುಟ್ಟಗಂಗಮ್ಮ: ಎಷ್ಟು?

ಓಬಳಯ್ಯ: ಹದಿನೆಂಟು. ಬೀಗರ ಮನೇಲಿ ಒಬ್ಬಟ್ಟಿನೂಟ ಇತ್ತಲ್ಲ, ಅದಕ್ಕೆ ಸರಿಹೋಗ್ಲಿ ಅಂತ.

ಪುಟ್ಟಗಂಗಮ್ಮ: ನಿಮ್ಮ ಕೊಸರಿಗಿಷ್ಟು ಬೆಂಕಿ ಹಾಕ! ಬೀಗ್ತಿ ರೇವಮ್ಮ ಹಳಸಿದ ಹೂರಣ ಹಾಕವಳೆ ಅಂತ ನಾನು ಅವರೂರು ಮಾರ್ಕೋನಹಳ್ಳಿಗೆಲ್ಲ ಸಾರಿಬಿಟ್ಟೆನಲ್ರೀ! ಅವಳು ಅವತ್ತಿಂದ ನನ್ನ ಫೋನೇ ಎತ್ತಿಲ್ಲ.

ಓಬಳಯ್ಯ: ನಾನು ಒಬ್ಬಟ್ಟಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ.

ಪುಟ್ಟಗಂಗಮ್ಮ: ಅದೇ ನಿಮ್ಮ ತಪ್ಪು! ಡಾಕ್ಟ್ರು ಕೇಳಿದಾಗ್ಲೂ ಹತ್ತೇ ಹಾಕಿದ್ದು ಅಂದ್ರಲ್ಲ?

ಓಬಳಯ್ಯ: ಅಳತೆ ಹತ್ತೇ ತಾನೇ? ಕೊಸರನ್ನ ಯಾರಾದ್ರೂ ಪುಸ್ತಕದಲ್ಲಿ ಬರೀತಾರಾ? ಮೂವತ್ತು ವರ್ಷದಲ್ಲಿ ಒಂದಿನ ಬರ್ದಿಲ್ಲ ನಾನು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನ ದನಿಯೇ ಇಳಿಯಿತು.

ಓಬಳಯ್ಯ: ಬೇಗ ಇಳೀಲಿ ಅಂತ ಕಣೇ. ಬಚ್ಚಲಿಗೂ ಗೋಡೆ ಹಿಡ್ಕೊಂಡು ಹೋಗ್ತೀಯ. ನೋಡಕ್ಕಾಗಲ್ಲ ನಂಗೆ.

ಆ ಮಾತಿಗೆ ಪುಟ್ಟಗಂಗಮ್ಮನ ಸಿಟ್ಟು ಅರ್ಧ ಇಳಿಯಿತು. ಆದರೆ ಅದನ್ನು ಈ ಮನುಷ್ಯನಿಗೆ ತೋರಿಸಿದರೆ ಮುಂದಿನ ವಾರ ಇಪ್ಪತ್ತಕ್ಕೆ ಎಳೆಯುತ್ತಾನೆ.

ಪುಟ್ಟಗಂಗಮ್ಮ: ಗೋಡೆನಾದ್ರೂ ಹಿಡ್ಕೊಂಡು ಓಡಾಡ್ತಿದ್ದೆ. ನಿಮ್ಮ ಧಾರಾಳದಿಂದ ಎರಡು ದಿನ ಬಕೆಟ್ ಹಿಡ್ಕೊಂಡು ಕೂತೆ. ಸೂಜಿ ಇನ್ನೂ ಬಾಟ್ಲಲ್ಲೇ ಅದೆ, ಎರಡು ಗೀಟು ವಾಪಸ್ ತಳ್ಳಿ. ನಾಳೆ ಡಾಕ್ಟ್ರಿಗೂ ನೀವೇ ನಿಜ ಹೇಳ್ಬೇಕು.

ಓಬಳಯ್ಯ ತಳ್ಳಿದ. ಕೊಟ್ಟ ಹಾಲನ್ನು ಗಿರಾಕಿಯ ಪಾತ್ರೆಯಿಂದ ವಾಪಸ್ ತೆಗೆದುಕೊಳ್ಳುವವನಂತೆ ಅವನ ಮುಖ ಸಣ್ಣಗಾಯಿತು. ಹತ್ತರ ಗೀಟಿಗೆ ಸರಿಯಾಗಿ ನಿಂತಿದ್ದನ್ನು ಅವಳು ಮತ್ತೆ ಕನ್ನಡಕ ಹಾಕಿಕೊಂಡು ನೋಡಿ, ಆಮೇಲೆ ಹೊಟ್ಟೆ ಒಡ್ಡಿದಳು. ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡೇ ಗಂಡನ ಫೋನಿನಿಂದ ಬೀಗಿತ್ತಿಗೆ ಫೋನು ಹಚ್ಚಿ ಅವನ ಕಿವಿಗಿಟ್ಟಳು. ಓಬಳಯ್ಯ ತಡವರಿಸುತ್ತಾ ಹದಿನೆಂಟರ ಕಥೆಯನ್ನೆಲ್ಲ ಒಪ್ಪಿಸಿದ.

ರೇವಮ್ಮ (ಫೋನಿನಲ್ಲಿ, ನಕ್ಕೂ ನಕ್ಕೂ): ತಪ್ಪಾಯ್ತು ಅಂದ್ರೆ ಮುಗೀತಾ ಬೀಗ್ರೆ? ಇಬ್ರೂ ಬಂದು ನನ್ನ ಒಬ್ಬಟ್ಟು ತಿಂದು ಊರೋರ ಮುಂದೆ ಚೆನ್ನಾಗದೆ ಅನ್ಬೇಕು. ನಿಮ್ಮೆಲೆಗೆ ನಾಲ್ಕು ಹಾಕ್ತೀನಿ, ಮೇಲೊಂದು ಕೊಸರು!

ಅಲ್ಲಿಗೆ ಬೀಗತನ ಉಳಿಯಿತು. ಉಳಿದದ್ದು ತೂಕ. ಪ್ರತಿ ಭಾನುವಾರ ನೋಡಿ ಪುಸ್ತಕದಲ್ಲಿ ಬರೆದು ತರಬೇಕೆಂದು ಡಾಕ್ಟರ ಕಟ್ಟಪ್ಪಣೆ. ಪುಟ್ಟಗಂಗಮ್ಮ ಗೋಡೆ ಹಿಡಿದು ತೂಕದ ಮೆಷಿನ್ ಹತ್ತಿ, ಗೋಡೆ ಬಿಟ್ಟು, ಉಸಿರು ಬಿಗಿಹಿಡಿದು ನಿಂತಳು.

ಓಬಳಯ್ಯ (ಬಗ್ಗಿ ನೋಡುತ್ತಾ): ಎಪ್ಪತ್ತೊಂಬತ್ತು ಕೆಜಿ, ಎಂಟ್ನೂರು ಗ್ರಾಂ.

ಪುಟ್ಟಗಂಗಮ್ಮ: ಎಪ್ಪತ್ತೊಂಬತ್ತು ಅಂತ ಬರೀರಿ.

ಓಬಳಯ್ಯ: ಮತ್ತೆ ಎಂಟ್ನೂರು ಗ್ರಾಂ?

ಪುಟ್ಟಗಂಗಮ್ಮ: ಅದು ಕೊಸರು ಕಣ್ರೀ. ಕೊಸರನ್ನ ಯಾರಾದ್ರೂ ಪುಸ್ತಕದಲ್ಲಿ ಬರೀತಾರಾ?